ನಾನು ಬರೆದುಕೊಟ್ಟ ಭಾಷಣಗಳು

ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತು ಕೂತು ನನಗೆ ಸಾಕಾಗಿಹೋಗಿದೆ. ಹುಣಸೂರಿಗೆ ಹೋದರೂ ಅದೇ, ಕೆ.ಆರ್. ನಗರಕ್ಕೆ ಹೋದರೂ ಅದೇ: ಮೊಬೈಲು ವರವೋ ಶಾಪವೋ. ಪರ ಮಾತಾಡುವ ಮಗು ವಿರೋಧದ ಕಡೆ ತಿರುಗಿಯೂ ನೋಡುವುದಿಲ್ಲ. ಹೇಗೆ ನೋಡೀತು? ಮಾತು ಅದರದಲ್ಲ, ಮೇಷ್ಟ್ರದು. ನಾವು ಎರಡು ಹಾಳೆ ಬರೆದುಕೊಡುತ್ತೇವೆ, ಮಕ್ಕಳು ಉರು ಹೊಡೆದು ಒಪ್ಪಿಸುತ್ತವೆ. ಚೆನ್ನಾಗಿ ಒಪ್ಪಿಸಿದವರಿಗೆ ಬಹುಮಾನ.

ನಾನೇನೂ ಕಮ್ಮಿಯಲ್ಲ, ವರ್ಷಗಟ್ಟಲೆ ಬರೆದೆ. ಸ್ಟಾಫ್ ರೂಮಿನಲ್ಲಿ ಒಮ್ಮೆ ಇದಕ್ಕೇ ಜಟಾಪಟಿ ಆಯಿತು. ಚರ್ಚೆ ಇರುವುದು ಮಕ್ಕಳು ತಾವೇ ಯೋಚಿಸಲಿ ಅಂತ, ಗೆಲ್ಲಲಿ ಅಂತಲ್ಲ ಎಂದರು ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರ್. ಮೊದಲು ಸ್ಟೇಜ್ ಹತ್ತುವ ಧೈರ್ಯ ಬರಲಿ ತಾಯಿ, ಯೋಚನೆ ತಾನಾಗಿ ಬರುತ್ತೆ ಅಂದೆ. ಎಲ್ಲರೂ ನನಗೇ ತಲೆದೂಗಿದರು.

ಆಗ ಕಟ್ಟೆಮಳಲವಾಡಿ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ಹೆಮ್ಮೆ. ನಾನು ಬರೆದುಕೊಟ್ಟದ್ದನ್ನು ಒಪ್ಪಿಸಿ ಮೂರು ವರ್ಷವೂ ಚರ್ಚೆಯಲ್ಲಿ ತಾಲ್ಲೂಕಿಗೆ ಅವಳೇ ಮೊದಲು. ಹತ್ತನೆಯದು ಪಾಸಾದ ಮೇಲೆ ಮನೆಯಲ್ಲಿ ಪಿಯುಸಿಗೆ ಕಳಿಸಲ್ಲವಂತೆ ಅಂತ ಗೊತ್ತಾಗಿ ನಾನೇ ಹೋದೆ. ಅವಳಪ್ಪ ಹೊಗೆಸೊಪ್ಪಿನ ಹೊಲದಿಂದ ಬಂದು, ಕೈಕಾಲು ತೊಳೆದು ಜಗಲಿಯ ಮೇಲೆ ಕೂತರು. ಓದಿನ ಬೆಲೆ, ಬದಲಾದ ಕಾಲ, ಹೆಣ್ಣುಮಕ್ಕಳ ಭವಿಷ್ಯ ಅಂತ ನಾನು ಒಂದೇ ಸಮ ಮಾತಾಡಿದೆ. ತಾಳ್ಮೆಯಿಂದ ಕೇಳಿಸಿಕೊಂಡರು, ಕಾಫಿ ಕೊಡಿಸಿದರು.

“ನಿಮ್ದಾಯ್ತು ಮೇಷ್ಟ್ರೇ. ಇವಳವ್ವ ಬ್ಯಾಡ ಅಂತಾಳೆ, ನಂಗೂ ಮನಸಿಲ್ಲ. ಆದ್ರೂ ಯಾಕೆ ಓದ್ಬೇಕು ಅಂತ ಇವ್ಳೇ ಬಾಯ್ಬುಟ್ಟು ಏಳ್ಲಿ. ಏಳುದ್ರೆ ನಾಳೇನೇ ಸೇರುಸ್ತೀನಿ ಕಣ್ರೀ.”

ಇನ್ನೇನು ಬೇಕು, ಗೆದ್ದೆವು ಅಂದುಕೊಂಡೆ. ಕಂಬದ ಪಕ್ಕ ನಿಂತಿದ್ದ ಹುಡುಗಿ ಗಂಟಲು ಸರಿಮಾಡಿಕೊಂಡಳು. ಅಪ್ಪನನ್ನು ನೋಡಲಿಲ್ಲ, ನನ್ನ ಬಾಯನ್ನೇ ನೋಡುತ್ತ ನಿಂತಳು. ನನ್ನ ತುಟಿ ತಾನಾಗಿ ಅಲ್ಲಾಡಿತು. ಅದು ಅಪ್ಪನ ಕಣ್ಣಿಗೆ ಬಿತ್ತು. ನೀವು ಸುಮ್ನಿರಿ ಅಂದರು. ಪಾಪ, ಬಹಳ ಹೊತ್ತು ಕಾದರು.

ಓದ್ಬೇಕು ಕಣಪ್ಪ, ಅಂದಳು. ಯಾಕವ್ವ ಅಂತ ಮೆತ್ತಗೇ ಕೇಳಿದರು. ಅವಳ ಕಣ್ಣು ತುಂಬಿತು. ನನ್ನ ಕಡೆ ತಿರುಗಿದಳು.

“ಬರ್ಕೊಡಿ ಸಾ. ನಾಳಿಕ್ಕೆ ಏಳ್ತೀನಿ.”

ಅಪ್ಪ ಎದ್ದು ಒಳಗೆ ಹೋದರು. ಅವಳು ಕಾಲೇಜು ಸೇರಲಿಲ್ಲ. ತಪ್ಪು ಅವರಪ್ಪನದು ಅಂತ ಹೇಳಿಕೊಂಡು ತಿರುಗುವುದಕ್ಕೂ ನನಗೆ ಬಾಯಿಲ್ಲ.