ಹುಳುಮನೆಯ ಹಾಡುಗಾರ

ಬೈರಕೂರಿನ ಮುನಿಗಂಗಮ್ಮನ ಮಗ ಕದಿರೇಶನಿಗೆ ದೇವರು ಕೊಟ್ಟಿದ್ದು ಗಂಟಲೊಂದೇ. ಓದು ತಲೆಗೆ ಹತ್ತಲಿಲ್ಲ, ಹೊಲದ ಕೆಲಸವೆಂದರೆ ನೂರೆಂಟು ನೆಪ. ಆದರೆ ಎಪ್ಪತ್ತರ ದಶಕದಲ್ಲಿ ಆ ಸುತ್ತಿನಲ್ಲಿ ಎಲ್ಲಿ ಭಜನೆ ನಡೆದರೂ ಈ ಹುಡುಗನಿಗೆ ಕರೆ ಬರುತ್ತಿತ್ತು. ಕನ್ನಡದ್ದೊಂದು, ತೆಲುಗಿನದೊಂದು ಹಾಡಿದನೆಂದರೆ ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ರೇಷ್ಮೆ ಹುಳು ಮೇಯಿಸಿ ಸಂಸಾರ ತೂಗಿಸುತ್ತಿದ್ದ ಮುನಿಗಂಗಮ್ಮ, ಆ ದನಿಯ ಮುಖ ನೋಡಿ ಮಗನ ಸೋಮಾರಿತನವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು.

ಅಂಥದ್ದನ್ನು ಮನುಷ್ಯ ಜೋಪಾನ ಮಾಡಬೇಕೋ ಬೇಡವೋ? ಇವನು ಮಾಡಿಕೊಂಡಿದ್ದನ್ನು ಕೇಳಿ.

ಎಂಬತ್ತನಾಲ್ಕರಲ್ಲಿ ಮುಳಬಾಗಿಲಿನ ಮುಖ್ತಿಯಾರ್ ಅವನನ್ನು ಹುಡುಕಿಕೊಂಡು ಬಂದ. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನೆತನ ಅವನದು. ದುಬೈಯಲ್ಲಿದ್ದ ಚಿಕ್ಕಪ್ಪನ ಮಗ ತಂದುಕೊಟ್ಟ ಕ್ಯಾಸೆಟ್ಟೊಂದು ಅವನ ತಲೆ ಕೆಡಿಸಿತ್ತು. ಹೆವಿ ಮೆಟಲ್ ಅಂತೆ. ಅದರಲ್ಲಿ ಗಿಟಾರ್ ಗುರುಗುಟ್ಟುತ್ತಿತ್ತು. ಹಾಡುವವನು ಹಾಡುತ್ತಿದ್ದಾನೋ ಯಾರನ್ನೋ ಶಪಿಸುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ಮುಖ್ತಿಯಾರ್ ಹಳೆಯ ಗಿಟಾರೊಂದನ್ನು ಸಂಪಾದಿಸಿ, ಅಂಗಡಿಯ ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ಆ ಗುರುಗುಟ್ಟುವಿಕೆಯನ್ನು ಹೇಗೋ ಬರಿಸಿದ್ದ. ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಚನ್ನರಾಯಪ್ಪ ಜೊತೆಗೂಡಿದ. ಮೂವರೂ ಸೇರಿ ಕಟ್ಟಿದ ತಂಡಕ್ಕೆ ‘ಕರಿಗಲ್ಲು’ ಎಂದು ಹೆಸರಿಟ್ಟರು. ಯಾರ ಹಾಡನ್ನೂ ಎತ್ತುವುದಿಲ್ಲ, ಎಲ್ಲ ನಮ್ಮವೇ ಎಂಬ ಹಟ ಬೇರೆ.

ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಹಿಪ್ಪುನೇರಳೆ ತೋಟದಂಚಿನ ಮುನಿಗಂಗಮ್ಮನ ಹುಳುಮನೆ. ಅದು ಖಾಲಿ ಇರುತ್ತಿದ್ದುದು ಎರಡು ಬೆಳೆಗಳ ನಡುವೆ ಮಾತ್ರ. ಗೂಡು ಮಾರಿದ ಮೇಲೆ ಅವಳು ಮನೆ ತೊಳೆದು, ರೋಗ ತಗಲದಂತೆ ಗೋಡೆ, ತಟ್ಟೆ, ನೆಲಕ್ಕೆಲ್ಲ ಫಾರ್ಮಾಲಿನ್ ಔಷಧಿ ಹೊಡೆದು ಬಾಗಿಲು ಹಾಕುತ್ತಿದ್ದಳು. ಆಮೇಲೆ ನಾಲ್ಕು ದಿನ ಬೆನ್ನು ಚಾಚಲು ನಂಗಲಿಯ ತಂಗಿ ಮನೆಗೆ ಹೋಗುವುದು ವಾಡಿಕೆ.

“ನಾಳೆ ಕಳೆದ ಮೇಲೆ ಬಾಗಿಲು, ಕಿಟಕಿ ಎಲ್ಲಾ ತೆಗೆದು ಗಾಳಿ ಆಡಿಸೋ. ಅಲ್ಲೀವರೆಗೂ ಒಳಗ್ ಕಾಲಿಡಬೇಡ” ಎಂದು ಹೇಳಿಯೇ ಬಸ್ಸು ಹತ್ತುತ್ತಿದ್ದಳು.

ಮೊದಲ ಸಲ ಇವರು ಕಿಟಕಿ ತೆರೆದೇ ಶುರು ಮಾಡಿದರು. ಅರ್ಧ ಹಾಡು ಮುಗಿದಿರಲಿಲ್ಲ, ಪಕ್ಕದ ತೋಟದ ಬೈರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

“ಏನ್ಲಾ ಕದಿರಾ, ನಮ್ ಹುಳ ನಾಲ್ಕನೇ ಜ್ವರಕ್ಕೆ ಕೂತವೆ! ನಿಮ್ ಗಲಾಟೆಗೆ ಕೆಟ್ಟೋದ್ರೆ ಯಾರು ಕಟ್ಕೊಡ್ತಾರೆ?”

ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಸದ್ದು ಮಾಡುವುದೆಂದರೆ ಬಾಣಂತಿ ಮನೆ ಮುಂದೆ ಪಟಾಕಿ ಹೊಡೆದ ಹಾಗೆ. ಕದಿರೇಶನೂ ಹುಳುವಿನ ಮನೆಯಲ್ಲೇ ಬೆಳೆದವನು, ನಾಚಿಕೆಯಾಯಿತು. ಕಿಟಕಿ ಮುಚ್ಚಿದರು, ಸಂದುಗಳಿಗೆಲ್ಲ ಗೋಣಿಚೀಲ ತುರುಕಿದರು, ಬಾಗಿಲಿಗೆ ಕಂಬಳಿ ಇಳಿಬಿಟ್ಟರು. ಬೈರಮ್ಮನ ಹುಳು ನೆಮ್ಮದಿಯಾಗಿ ಪೊರೆ ಬಿಟ್ಟವು.

ಒಳಗೆ ಕಣ್ಣು ಉರಿಯುತ್ತಿತ್ತು. ಮುಖ್ತಿಯಾರ್ ಮೂಗಿಗೆ ಕರ್ಚೀಫು ಕಟ್ಟಿಕೊಂಡ, ಚನ್ನರಾಯಪ್ಪ ಒದ್ದೆ ಟವಲು ಸುತ್ತಿಕೊಂಡ. ಹಾಡುವವನು ಬಾಯಿಗೆ ಏನು ಕಟ್ಟಿಕೊಳ್ಳುತ್ತಾನೆ? ಅವನು ಆ ಗಾಳಿಯನ್ನು ಎದೆ ತುಂಬ ಎಳೆದುಕೊಂಡು ಕೂಗಿದ. ಸಂಜೆಯ ಹೊತ್ತಿಗೆ ಗಂಟಲಿನಿಂದ ಬೇರೆಯೇ ಒಂದು ದನಿ ಹೊರಟಿತು. ಒರಟು, ಸೀಳು, ಕೇಳಿದವರ ಬೆನ್ನು ಜುಮ್ಮೆನ್ನುವಂಥದ್ದು.

“ಯಾ ಅಲ್ಲಾ, ಇದೇ ಕಣೋ! ಕ್ಯಾಸೆಟ್‌ನಾಗೆ ಇರೋದು ಇದೇ!” ಎಂದು ಮುಖ್ತಿಯಾರ್ ಅವನನ್ನು ತಬ್ಬಿಕೊಂಡ.

ಆ ದನಿಯೇ ತಂಡವನ್ನು ಮೇಲೆತ್ತಿತು. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಅಂಗಳದಲ್ಲಿ ಮೊದಲು ನಕ್ಕ ಕೆಲಸಗಾರರು ಕೊನೆಗೆ ನಿಂತು ಕೂಗಿದರು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಮಾಲರು ಬುಟ್ಟಿ ಬಡಿದು ತಾಳ ಹಾಕಿದರು. ಭಜನೆಯಲ್ಲಿ ಅಳಿಸುತ್ತಿದ್ದವನು ಈಗ ಜನರನ್ನು ಹೆದರಿಸುತ್ತಿದ್ದ, ಹೆದರಿಸುವುದರಲ್ಲಿ ಅವನಿಗೊಂದು ಅಮಲು ಹತ್ತಿತು.

ಆದರೆ ತಿಂಗಳು ಕಳೆದರೆ ದನಿ ಮತ್ತೆ ಮೆತ್ತಗಾಗುತ್ತಿತ್ತು. ಹುಳುಮನೆಯಲ್ಲಿ ಕೂತೆದ್ದರೆ ಮತ್ತೆ ಸೀಳುತ್ತಿತ್ತು. ಕಾರಣ ಮುಖ್ತಿಯಾರನಿಗೂ ಕದಿರೇಶನಿಗೂ ಗೊತ್ತಾಯಿತು, ಇಬ್ಬರೂ ಬಾಯಿಬಿಡಲಿಲ್ಲ. “ಅಮ್ಮ ಈ ಸಲ ಯಾವತ್ತು ಔಷಧಿ ಹೊಡೀತಾರೆ?” ಎಂದಷ್ಟೇ ಮುಖ್ತಿಯಾರ್ ಕೇಳುತ್ತಿದ್ದ, ಕದಿರೇಶ ದಿನ ಹೇಳುತ್ತಿದ್ದ. ಮೊದಮೊದಲು ಒಂದು ದಿನ ಬಿಟ್ಟು ಒಳಹೋಗುತ್ತಿದ್ದವರು, ಆಮೇಲೆ ಅವ್ವನ ಬಸ್ಸು ಕಣ್ಮರೆಯಾಗುತ್ತಲೇ ಕಂಬಳಿ ಇಳಿಬಿಡತೊಡಗಿದರು. ಚನ್ನರಾಯಪ್ಪ ಮಾತ್ರ, “ಇದು ಒಳ್ಳೇದಕ್ಕಲ್ಲ ಕಣ್ರೋ” ಎಂದು ಗೊಣಗಿದ. ಗೊಣಗಿ ಟವಲು ಸುತ್ತಿಕೊಂಡ.

ಬೆಳಿಗ್ಗೆ ಉಗುಳಿದರೆ ಕೆಂಪು ಎಳೆ ಕಾಣಿಸತೊಡಗಿತು. ಕದಿರೇಶ ಅದರ ಮೇಲೆ ಮಣ್ಣು ತಳ್ಳುತ್ತಿದ್ದ. ಒಮ್ಮೆ ಊರಿಗೆ ಬಂದು ಬಾಗಿಲಲ್ಲಿ ಕರೆದಾಗ ಒಳಗಿಂದ ಮುನಿಗಂಗಮ್ಮ, “ಎವುರಪ್ಪಾ ಅದಿ?” ಎಂದು ತೆಲುಗಿನಲ್ಲಿ, ಮಗನ ದನಿ ಗುರುತು ಸಿಗದೆ, ಯಾರೋ ಪರಸ್ಥಳದವರನ್ನು ವಿಚಾರಿಸುವಂತೆ ಕೇಳಿದಳು. ಅಂದು ಅವನಿಗೆ ನಿಜವಾಗಿ ಭಯವಾಯಿತು. ಆದರೂ ಮುಂದಿನ ಬೆಳೆಗೆ ಹುಳುಮನೆ ಹೊಕ್ಕ.

ಎಂಬತ್ತೇಳರಲ್ಲಿ ಕೋಲಾರದ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ. ಕ್ಯಾಸೆಟ್ ಮಾಡಿಸುವವರೂ ಬೆಂಗಳೂರಿನಿಂದ ಬಂದು ಕೂತಿದ್ದರು. ಎರಡನೇ ಹಾಡಿನ ನಡುವೆ ಗಂಟಲಿನಲ್ಲಿ ಏನೋ ಹರಿದಂತಾಯಿತು. ಬಾಯಿ ತೆರೆದೇ ಇತ್ತು, ಬರೀ ಉಸಿರು ಹೊರಟಿತು. ಅವನು ಕತ್ತು ಹಿಡಿದುಕೊಂಡು ಮಂಡಿಯೂರಿದ. ಅದೂ ಆಟದ ಭಾಗವೆಂದುಕೊಂಡ ಜನ ಶಿಳ್ಳೆ ಹೊಡೆದರು. ಮುಖ್ತಿಯಾರ್ ಗಿಟಾರಿನ ಸದ್ದನ್ನು ಇನ್ನಷ್ಟು ಏರಿಸಿ ಹಾಡು ಮುಗಿಸಿದ. ಚನ್ನರಾಯಪ್ಪ ಮಾತ್ರ ಬಾರಿಸುವುದನ್ನು ನಿಲ್ಲಿಸಿ ಎದ್ದ. ಕದಿರೇಶನನ್ನು ಎತ್ತಿ ಕೂರಿಸಿ ಹೊರಟವನು ಮತ್ತೆ ತಂಡದ ಕಡೆ ತಲೆ ಹಾಕಲಿಲ್ಲ.

ಗಂಟಲು ಸುಟ್ಟಿದೆ, ಇನ್ನು ದನಿ ಬರುವುದು ಅನುಮಾನ ಎಂದರು ಡಾಕ್ಟರು. ಹಾಡಿ ಹಾಡಿ ಹೀಗಾಯಿತೆಂದು ಮುನಿಗಂಗಮ್ಮ ನಂಬಿದಳು. ಕಷಾಯ ಕಾಸಿದಳು, ಹರಕೆ ಹೊತ್ತಳು.

ಆ ಬೆಳೆ ಮುಗಿದು ಅವಳು ಔಷಧಿಯ ಪಂಪು ತೊಳೆಯುತ್ತಿದ್ದ ದಿನ ಮುಖ್ತಿಯಾರ್ ಬಂದ. ಕಣ್ಣು ಗುಳಿಬಿದ್ದಿದ್ದವು. ಕದಿರೇಶ ಅಲ್ಲೇ ಪಕ್ಕದಲ್ಲಿ ಕೂತಿದ್ದ.

“ಅಮ್ಮಾ, ಔಷಧಿ ಹೊಡೆದಾಯ್ತಾ? ಇವನನ್ನ ಒಂದೇ ಒಂದ್ ಸಲ ಒಳಗೆ ಕಳಿಸ್ರಮ್ಮಾ. ಅದ್ರಿಂದ್ಲೇ ಇವನ ದನಿ ಏಳ್ತಾ ಇತ್ತು.”

ಅವಳ ಕೈ ನಿಂತಿತು. “ಏನಂದೆ?”

ಮುಖ್ತಿಯಾರ್ ಎಲ್ಲ ಹೇಳಿದ. ಗೋಣಿಚೀಲ, ಕಂಬಳಿ, ನಂಗಲಿಯ ಬಸ್ಸು. ಹೇಳುತ್ತಾ ಹೇಳುತ್ತಾ ತಾನು ಕೇಳಲು ಬಂದದ್ದೇನೆಂದು ಅವನಿಗೇ ಅರ್ಥವಾಗಿ ಅಳತೊಡಗಿದ. ಮುನಿಗಂಗಮ್ಮ ಅವನನ್ನು ಬೈಯಲಿಲ್ಲ, ಮಗನನ್ನೂ ಬೈಯಲಿಲ್ಲ.

“ನನ್ ಕೈಯಾರೆ ಹೊಡೆದ್ನಲ್ಲಪ್ಪಾ” ಎಂದಳು. “ಪ್ರತಿ ಬೆಳೆಗೂ ನಾನೇ ಹೊಡೆದ್ನಲ್ಲಾ.” ಪಂಪನ್ನು ಅಲ್ಲೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ತೋಟದೊಳಗೆ ನಡೆದುಬಿಟ್ಟಳು.

ಕದಿರೇಶ ಎದ್ದು ಅವಳ ಹಿಂದೆ ನಾಲ್ಕು ಹೆಜ್ಜೆ ಇಟ್ಟ. ನಿನ್ನದೇನೂ ತಪ್ಪಿಲ್ಲವ್ವಾ, ಗೊತ್ತಿದ್ದೂ ಒಳಗೆ ಹೋದವನು ನಾನು ಎಂದು ಹೇಳಬೇಕಿತ್ತು. ಇಷ್ಟು ವರ್ಷ ಸಾವಿರ ಜನಕ್ಕೆ ಕೂಗಿದವನು, ಅವಳ ಬೆನ್ನು ನೋಡುತ್ತಾ ಇದ್ದಬದ್ದ ಉಸಿರೆಲ್ಲ ಕೂಡಿಸಿ “ಅವ್ವಾ” ಎಂದು ಕೂಗಿದ. ಹತ್ತು ಮಾರು ದೂರದಲ್ಲಿದ್ದ ಮುನಿಗಂಗಮ್ಮನಿಗೆ ಅದು ಕೇಳಿಸಲಿಲ್ಲ. ಅವಳು ತಿರುಗಿ ನೋಡದೆ ನಡೆಯುತ್ತಲೇ ಹೋದಳು.