ಕಾರಕೂನ ಕಾಕಾನ ಕನ್ನಡ ಪರದೆ

ಮೊನ್ನೆ ಅವ್ವನ ಕೆಲಸಕ್ಕೆಂದು ಅವಳ ಜೊತೆ ಕೊಲ್ಹಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಕೂತಿದ್ದಾಗ ಪಕ್ಕದವರು ತಪಕೀರಿನ ಡಬ್ಬಿ ತೆರೆದರು. ಆ ನಶ್ಯದ ಘಾಟಿಗೆ ಸೀನಿದೆ ನೋಡಿ, ನಮ್ಮ ಕಾರಕೂನ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಆಗ ನಾವು ಇಚಲಕರಂಜಿ ಹತ್ತಿರದ ಕೊರೋಚಿಯಲ್ಲಿದ್ದೆವು. ಅಪ್ಪ ತೀರಿಹೋಗಿದ್ದ, ಅವ್ವ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದಳು. ವಿಧವಾ ಪಿಂಚಣಿ ಸಿಕ್ಕರೆ ನನಗೆ ಕಾಲೇಜು, ಇಲ್ಲದಿದ್ದರೆ ನಾನೂ ಮಗ್ಗಕ್ಕೆ. ಅದಕ್ಕಾಗಿ ಅವ್ವ ಪಗಾರ ಬಿಟ್ಟು ಇಚಲಕರಂಜಿಯ ಕಚೇರಿಯಲ್ಲಿ ಕಾಯುತ್ತಿದ್ದಳು. ಗೋಡೆಯ ಪರದೆಯ ಮೇಲೆ ಮರಾಠಿಯಲ್ಲಿ ಹೆಸರು ಬಂದು ಹೋಗುತ್ತಿತ್ತು. ಅವ್ವನಿಗೆ ಓದಲು ಬರುತ್ತಿದ್ದುದು ಕನ್ನಡವೊಂದೇ. ಪಾಳಿ ತಪ್ಪಿದರೆ ನಾಳೆ ಬಾ, ನಾಳೆ ಹೋದರೆ ನಾಡಿದ್ದು ಬಾ... ಎಂಥ ಸಿಟ್ಟು ಬರುತ್ತಿತ್ತು ನನಗೆ!

"ಸಾಕಾತ ಮಗಳ, ಇನ್ನ ನಾ ಹೋಗಂಗಿಲ್ಲ" ಎಂದುಬಿಟ್ಟಳು ಅವ್ವ.

ಅದೇ ಹೊತ್ತಿಗೆ ಆ ಕಚೇರಿಗೆ ಮುಕ್ತ ತಂತ್ರಾಂಶ ಬಂದಿತ್ತು. ಲೈಸೆನ್ಸಿನ ಹಂಗಿಲ್ಲ, ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಉಳಿದವರು ಫುಕಟ್ ಮಾಲು ಎಂದು ಮೂಗು ಮುರಿದರು. ಅಲ್ಲಿ ಗುಮಾಸ್ತರಾಗಿದ್ದ, ಗಡಹಿಂಗ್ಲಜದ ಕನ್ನಡದವರಾದ ಕಾಕಾ ಮಾತ್ರ ಪರದೆಗೆ ಕನ್ನಡ ತರಬೇಕೆಂದು ಅದರ ಬೆನ್ನು ಹತ್ತಿದರು.

ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ ಮಗ್ಗಕ್ಕೆ ಪೂಜೆ, ಕೆಲಸ ಬಂದ್. ಪಗಾರವಂತೂ ಹೋಗುವುದಿಲ್ಲ, ಇದೊಂದು ಸಲ ನೋಡೋಣವೆಂದು ಅವ್ವನನ್ನು ಎಳೆದುಕೊಂಡು ಹೋದೆ. ಅಲ್ಲಿಯೂ ಕಂಪ್ಯೂಟರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂತಿದ್ದವು. ಕಾಕಾ ಒಬ್ಬರೇ ಚೆಂಡುಹೂ ಸರಿಸಿ ಟೈಪ್ ಮಾಡುತ್ತಿದ್ದರು.

"ಪೂಜಾ ಆದ ಮಷೀನಿಗೆ ಇವತ್ತ ಕೈ ಹಚ್ಚಬಾರದ್ರೀ!" ಎಂದು ಶಿಪಾಯಿ ಹೌಹಾರಿದ.

"ಹಬ್ಬ ಮುಗದ ಮ್ಯಾಲೆ ಇದನ್ನ ನನಗ ಯಾರು ಖಾಲಿ ಬಿಡ್ತಾರೋ?" ಎಂದು ಕಾಕಾ ನಕ್ಕು, ಅವ್ವನನ್ನು ಕರೆದು ಕೂರಿಸಿಕೊಂಡರು. "ಅಕ್ಕಾರ, ಇದನ್ನಷ್ಟ ಓದ್ರಿ."

"ದಯವಿಟ್ಟು ನಿರೀಕ್ಷಿಸಿ" ಎಂದು ಅವ್ವ ಅಕ್ಷರ ಕೂಡಿಸಿ ಓದಿದಳು. "ಅಯ್ಯ, ಹಿಂಗ ಯಾರು ಮಾತಾಡ್ತಾರ್ರೀ?"

"ಮತ್ತ ನೀವು ಹೆಂಗಂತೀರಿ?"

"ಸ್ವಲ್ಪ ತಡೀರಿ ಅಂತೀವ್ರಿ."

ಕಾಕಾ ಒಂದು ಚಿಟಿಕೆ ತಪಕೀರು ಏರಿಸಿ ಜೋರಾಗಿ ಸೀನಿ, ಅದನ್ನೇ ಬರೆದರು.

ದಸರೆಯಾದ ಮೇಲೆ ಮರಾಠಿಯ ಕೆಳಗೆ ಕನ್ನಡದಲ್ಲೂ ಹೆಸರು ಬರತೊಡಗಿತು. ಅವ್ವ ತನ್ನ ಹೆಸರನ್ನು ತಾನೇ ಓದಿ ಎದ್ದು ಹೋದಳು. ಪಿಂಚಣಿ ಮಂಜೂರಾಯಿತು, ನಾನು ಕಾಲೇಜು ಮೆಟ್ಟಿಲು ಹತ್ತಿದೆ.

ಕಾಕಾ ಈಗಿಲ್ಲ. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮೊನ್ನೆ ಸೀನಿ ತಲೆ ಎತ್ತಿದರೆ, ಕೊಲ್ಹಾಪುರದ ಈ ಪರದೆಯ ಮೇಲೂ ಅದೇ: ಸ್ವಲ್ಪ ತಡೀರಿ. ಕಾಕಾ ಬರೆದದ್ದನ್ನು ಯಾರೋ ಅಲ್ಲಿಂದ ತಂದು ಇಲ್ಲಿಗೂ ಹಾಕಿದ್ದಾರೆ.

"ನನ್ನ ಮಾತ ಇಲ್ಲೀತನಕಾ ಬಂದೈತಲ್ಲ!" ಎಂದು ಅವ್ವ ನನ್ನ ಕೈ ಹಿಡಿದಳು. "ಅವರು ಇರಬೇಕಿತ್ತ ನೋಡ..."

ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳ ಹೆಸರು ಬಂತು, ಕನ್ನಡದಲ್ಲಿ.