ಕೆಂಡಮ್ಮನ ತಲೆಯ ಮೇಲಿನ ದೀಪ

ಅವಳಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಊರೆಲ್ಲ ಕೆಂಡಮ್ಮ ಎನ್ನುತ್ತಿತ್ತು, ಅವಳೂ ಓಗೊಡುತ್ತಿದ್ದಳು. ಗಂಡ ಸತ್ತ ಮೇಲೆ ಗಾಜಿನ ಮನೆಯ ಬೇಸಾಯ ಮಗನ ಕೈಗೆ ಬಂತು. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಲೆಟ್ಯೂಸ್ ಸೊಪ್ಪಿನ ಹೊರಗಿನ ಒರಟು ಎಲೆ ಬಿಡಿಸುವ ಕೆಲಸವನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಮೋಡದ ತಿಂಗಳು ಬಂದರೆ, ಬಿಸಿಲಿನ ಬದಲು ಗಿಡಗಳ ಮೇಲೆ ಉರಿಸಬೇಕಾದ ದೀಪಗಳನ್ನು ಮಗ ಆರಿಸುತ್ತಿದ್ದ. ಕರೆಂಟು ಬಿಲ್ಲು ಕಂಡರೆ ಅವನಿಗೆ ಜೀವ ಹೋಗುತ್ತಿತ್ತು. ಸೊಪ್ಪು ಬಿಳಿಚಿಕೊಂಡರೆ ಗೊಬ್ಬರದ ನೀರನ್ನು ಇನ್ನಷ್ಟು ಗಟ್ಟಿ ಮಾಡಿ ಬಿಡುತ್ತಿದ್ದ. ಅಮ್ಮನ ತಲೆಯ ಮೇಲಿನ ದೀಪವೊಂದು ಮಾತ್ರ ಹಗಲೆಲ್ಲ ಉರಿಯುತ್ತಿತ್ತು. ತನ್ನ ಕಣ್ಣಿನ ಮೇಲೆ ಎಷ್ಟು ಕಾಳಜಿ ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ?

ಆ ಸೊಪ್ಪು ಹೋಗುತ್ತಿದ್ದುದು ಹಸುಗೂಸುಗಳ ಊಟ ತಯಾರಿಸುವ ಕಾರ್ಖಾನೆಗೆ. ಅಲ್ಲಿಂದ ಪರೀಕ್ಷೆಗೆ ಬರುವ ಹುಡುಗಿಯನ್ನು ಮಗ ಬಾಗಿಲಲ್ಲೇ ಕೂರಿಸಿ, ಟೀ ಕೊಟ್ಟು, ಅಮ್ಮನ ಪಕ್ಕದ ಪಾತಿಯಿಂದ ಸೊಪ್ಪು ಕಿತ್ತುಕೊಡುತ್ತಿದ್ದ. ಒಂದು ದಿನ ಕೆಂಡಮ್ಮ, ಇದರಲ್ಲಿ ಏನು ನೋಡುತ್ತೀಯಮ್ಮ ಎಂದು ಕೇಳಿದಳು. ಗೊಬ್ಬರದಲ್ಲಿರುವ ನೈಟ್ರೇಟ್ ಎಂದಳು ಹುಡುಗಿ. ಬೆಳಕು ಸಾಲದ ಕಡೆ ಗೊಬ್ಬರ ಜಾಸ್ತಿಯಾದರೆ ಗಿಡ ಅದನ್ನು ಅರಗಿಸಿಕೊಳ್ಳಲಾರದೆ ಎಲೆಯಲ್ಲೇ ತುಂಬಿಟ್ಟುಕೊಳ್ಳುತ್ತದಂತೆ. ಮಿತಿ ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಒಳ್ಳೆಯದಲ್ಲವಂತೆ. ಇಲ್ಲಿ ದೀಪ ಉರಿಯುತ್ತಿದೆಯಲ್ಲ, ಯೋಚನೆಯಿಲ್ಲ ಎಂದು ನಕ್ಕಳು.

ಕೆಂಡಮ್ಮ ತಲೆಯೆತ್ತಿ ನೋಡಿದಳು. ಒಳಗಿನ ಸಾಲುಗಳೆಲ್ಲ ಕತ್ತಲಲ್ಲಿದ್ದವು. ಅವಳ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯವರ ಕಣ್ಣಿಗೆ ಮಣ್ಣೆರಚಲು ಮಗ ಈ ದೀಪ ಉರಿಸಿದ್ದ, ಆ ಮೋಸಕ್ಕೆ ಹೆತ್ತ ತಾಯಿಯನ್ನೇ ಕಾವಲು ಕೂರಿಸಿದ್ದ. ಹುಡುಗಿಯ ಕೈಯಲ್ಲಿದ್ದ ಸೊಪ್ಪನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದಳು.

"ಇದು ಬೇಡ. ಒಳಗೆ ಆ ಕತ್ತಲ ಮೂಲೆಗೆ ಹೋಗಿ ನಿನ್ನ ಕೈಯಾರೆ ಕಿತ್ಕೋ."

ಮಗನ ಮುಖ ಕಪ್ಪಿಟ್ಟಿತು. "ಅಮ್ಮ, ಉಂಡ ಮನೆಗೇ ಎರಡು ಬಗೀತಿದ್ದೀಯಲ್ಲ."

"ನಿಂಗೆ ನಾನು ಎದೆಹಾಲು ಕುಡಿಸಿದ್ದೀನಿ ಕಣೋ. ನೀನು ಕಂಡವರ ಕೂಸಿಗೆ ಏನು ತಿನ್ನಿಸ್ತಿದ್ದೀಯ, ಹೇಳು."

ಹುಡುಗಿ ಒಳಗೆ ಹೋಗಿ ಕತ್ತಲ ಮೂಲೆಯಿಂದ ಸೊಪ್ಪು ಕಿತ್ತುಕೊಂಡಳು. ಆ ಸೊಪ್ಪು ಪರೀಕ್ಷೆಯಲ್ಲಿ ನಪಾಸಾಯಿತು, ಬೆಳೆಯೆಲ್ಲ ತಿಪ್ಪೆ ಸೇರಿತು. ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಅವಕಾಶ ಕೊಟ್ಟರು. ಈಗ ಎಲ್ಲ ಸಾಲುಗಳ ಮೇಲೂ ದೀಪ ಉರಿಯುತ್ತದೆ, ಗೊಬ್ಬರದ ನೀರೂ ತೆಳುವಾಗಿದೆ. ಆದರೆ ಮಗ ಅವಳೊಡನೆ ಮಾತು ಬಿಟ್ಟಿದ್ದಾನೆ, ಏನಿದ್ದರೂ ಹೆಂಡತಿಯ ಕೈಲಿ ಹೇಳಿಸುತ್ತಾನೆ. ನೀವೇ ಒಂದು ಮಾತು ಸೋತುಬಿಡಿ ಅತ್ತೆ ಎಂದು ಸೊಸೆ ಕೈ ಹಿಡಿದು ಕೇಳಿಕೊಂಡಳು.

ಕೆಂಡಮ್ಮನ ಕಣ್ಣು ತುಂಬಿತು, ಕೋಪ ಇಳಿಯಲಿಲ್ಲ. "ನನ್ನ ಮೇಲೆ ಸಿಟ್ಟಿದ್ದರೆ ಇರಲಿ ಬಿಡು. ನಾಚಿಕೆ ಅನ್ನೋದು ಬಂದ ದಿನ ತಾನಾಗೇ ಬಂದು ಅಮ್ಮ ಅಂತಾನೆ. ಅಲ್ಲೀವರೆಗೆ ನಂಗೂ ಮಗ ಇಲ್ಲ."